ಫಲಜ್ ಅಂದರೆ ನಮ್ಮ ಸುರಂಗ

"ಇಲ್ಲಿ ಮೊದಲು ಬರೀ ಮರಳಿತ್ತು" ಎಂದು ನಾವು ಮಕ್ಕಳಿಗೆ ಹೇಳಿಬಿಡುತ್ತೇವೆ, ಅಲ್ಲವೇ? ಒಮ್ಮೆ ಅವರನ್ನು ಅಬುಧಾಬಿ ಎಮಿರೇಟ್‌ನ ಅಲ್ ಐನ್‌ಗೆ, ಅಲ್ಲಿನ ಹಿಲಿ ಪುರಾತತ್ವ ಉದ್ಯಾನಕ್ಕೆ ಕರೆದುಕೊಂಡು ಹೋಗಿ. ಸುಮಾರು 4,500 ವರ್ಷಗಳ ಹಿಂದೆಯೇ ಅಲ್ಲಿ ಗೋಧಿ, ಖರ್ಜೂರ ಬೆಳೆಯುವ ಊರಿತ್ತು. ಒಂದೇ ಸಮಾಧಿಯಲ್ಲಿ ನೂರಾರು ಜನರ ಮೂಳೆಗಳು ಸಿಕ್ಕಿವೆ. ಕ್ರಿ.ಪೂ. 2000ರ ಬಳಿಕ ಈ ಸೀಮೆಯ ಹಲವು ಊರುಗಳು ಬರಿದಾದವು. ಸುಮಾರು 3,000 ವರ್ಷಗಳ ಹಿಂದೆ ನೆಲದಡಿಯಿಂದ ನೀರು ಹರಿಸುವ ಫಲಜ್ ಬಂತು. ಹಳ್ಳಿಗಳು ಮತ್ತೆ ಹೆಚ್ಚಿದವು.

ಕಾಸರಗೋಡು ಕಡೆಯವಳಾದ ನನಗೆ ಫಲಜ್ ನೋಡಿದಾಗ ಅಜ್ಜನ ತೋಟದ ಸುರಂಗ ನೆನಪಾಯಿತು. ನೆಲ ಕೊರೆದು ನೀರು ತರುವ ಅದೇ ಉಪಾಯ. ಮಕ್ಕಳಿಗೆ ಎರಡೂ ಹೆಸರು ಹೇಳಿಕೊಡಿ. ಇಲ್ಲಿನ ಹಳೆಯ ನೀರಿಗೆ ತಮ್ಮ ಮಾತಿನಲ್ಲೂ ಹೆಸರಿದೆ ಎಂದು ಗೊತ್ತಾದರೆ, ಅವರಿಗೆ ಈ ನೆಲವೂ ಪರಕೀಯವಲ್ಲ, ಕನ್ನಡವೂ ಅಲ್ಲ.