ತೋಳಿನ ಮೇಲೊಂದು ಮಾರ್ಕರ್ ಗೆರೆ

(1/4)
ಜಿಎಸ್‌ಟಿ ಕ್ಲಾಸು. ಸೆಕ್ಷನ್ 17(5) ನಡೆದಿತ್ತು, ಅಂದ್ರೆ ಯಾವ ಯಾವ ಖರ್ಚಿಗೆ ಇನ್‌ಪುಟ್ ಕ್ರೆಡಿಟ್ ಸಿಗಂಗಿಲ್ಲ ಅನ್ನೋ ಪಟ್ಟಿ. ಸರ್ ಓದ್ತಾ ಹೋದ್ರು: ಊಟ-ಉಪಾಹಾರ, ಕೇಟರಿಂಗ್, ಬ್ಯೂಟಿ ಟ್ರೀಟ್‌ಮೆಂಟ್, ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿ. ಹಿಂದಿನ ಬೆಂಚಿನಿಂದ ಒಬ್ಬ, “ಸರ್, ಗಂಗಾವತಿಯಾಗ ಅದನ್ನ ಯಾರ್ ಮಾಡಸ್ತಾರ್ರೀ?” ಅಂದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ನನ್ನ ಬ್ಯಾಗಿನೊಳಗೆ ಹುಬ್ಬಳ್ಳಿ ಡಾಕ್ಟರ್ ಬರೆದುಕೊಟ್ಟ ಚೀಟಿ ಇತ್ತು.

ಹೋದ ಸಲ ತೂಕ ಇಳಿಸಿದ ಕತೆ ಹಾಕಿದ್ದೆ. ಎರಡು ವರ್ಷದಲ್ಲಿ 96ರಿಂದ 64 ಕೆಜಿ. ಎಲ್ಲಾರೂ “ಸೂಪರ್” ಅಂದ್ರಿ. ಆ ಫೋಟೊದಲ್ಲಿ ಮೇ ತಿಂಗಳ ಬಿಸಿಲಿನಾಗ ನಾನು ಫುಲ್ ತೋಳಿನ ಕುರ್ತಾ ಯಾಕೆ ಹಾಕಿದ್ದೆ ಅಂತ ಯಾರೂ ಕೇಳಲಿಲ್ಲ.

ಕೊಬ್ಬು ಹೋಯ್ತು, ತೊಗಲು ಉಳೀತು. ಕೈ ಎತ್ತಿದ್ರೆ ಕಂಕುಳಿಂದ ಮೊಣಕೈವರೆಗೆ ಜೋತು ಬೀಳ್ತದ. ಡಿಗ್ರಿ ಮೊದಲ ವರ್ಷ ಒಬ್ಬಾಕಿ ತಮಾಷೆಗೆ “ಜೋಕಾಲಿ” ಅಂದಳು, ಆಕಿಗೆ ಈಗ ನೆನಪೂ ಇರಲಿಕ್ಕಿಲ್ಲ. ಅವತ್ತಿಂದ ಅಟೆಂಡೆನ್ಸ್‌ಗೆ ಕೈ ಎತ್ತೋದು ಬಿಟ್ಟೆ, ಕುಂತಲ್ಲಿಂದಲೇ “ಪ್ರೆಸೆಂಟ್ ಸರ್”. ಆರು ತಿಂಗಳು ಡಂಬಲ್ಸ್ ಎತ್ತಿದೆ. ಸ್ನಾಯು ಗಟ್ಟಿ ಆಯ್ತು, ಅದರ ಮೇಲಿನ ತೊಗಲು ಹಂಗೇ ಉಳೀತು. ಯಲಬುರ್ಗಾದಲ್ಲಿ ದೊಡ್ಡಪ್ಪನ ಮಗಳ ಮದುವೆ ಬಂತು. ಬ್ಲೌಸಿಗೆ ಅಳತೆ ತಗೊಂಡ ಟೇಲರ್ ಅಕ್ಕ ಟೇಪನ್ನು ತೋಳಿಗೆ ಸುತ್ತಿ, ಸಣ್ಣ ದನಿಯಲ್ಲಿ, “ನಿನಗ ತೋಳು ಉದ್ದ ಇಡ್ಲೇನವಾ?” ಅಂದ್ರು. ಆಡಿಕೊಂಡಿದ್ರೆ ಸಿಟ್ಟು ಬರ್ತಿತ್ತು. ಅವರು ಮರುಕದಿಂದ ಕೇಳಿದ್ರು ನೋಡ್ರಿ, ಅದಕ್ಕೆ ಉತ್ತರ ಇರಲಿಲ್ಲ.

(2/4)
ಅವ್ವಗ ಕೊಪ್ಪಳಕ್ಕ ಸ್ಕಾಲರ್‌ಶಿಪ್ ಕೆಲಸ ಅಂತ ಸುಳ್ಳು ಹೇಳಿ, ಕುಷ್ಟಗಿಯ ಗೆಳತಿ ಜೊತೆ ಹುಬ್ಬಳ್ಳಿ ಬಸ್ ಹತ್ತಿದೆ. ಶಕ್ತಿ ಯೋಜನೆ ಇದ್ದದ್ದಕ್ಕೆ ಬಸ್ ಚಾರ್ಜ್ ಇಲ್ಲ. ಇಡೀ ವ್ಯವಹಾರದಲ್ಲಿ ಪುಕ್ಕಟೆ ಆಗಿದ್ದು ಅದೊಂದೇ.

ಈ ಸರ್ಜರಿ ಹೆಸರು ಬ್ರಾಕಿಯೋಪ್ಲಾಸ್ಟಿ, ರೀಲ್ಸ್‌ನಾಗ ಆರ್ಮ್ ಲಿಫ್ಟ್ ಅಂತಾರ. ರೀಲ್ಸ್ ನೋಡಿ ನಾನು ತಿಳ್ಕೊಂಡಿದ್ದು: ಒಂದು ಸಣ್ಣ ತೂತು, ಒಂದು ಪೈಪು, ಮರುದಿನ ಸ್ಲೀವ್‌ಲೆಸ್. ಆ ಪೈಪಿನ ಕೆಲಸ ಲೈಪೋಸಕ್ಷನ್. ತೊಗಲು ಬಿಗಿ ಇದ್ದು ಒಳಗೆ ಕೊಬ್ಬು ಇದ್ದವರಿಗೆ ಅದು. ನನ್ನಂಥವರಿಗೆ ತೊಗಲನ್ನೇ ಕತ್ತರಿಸಿ ತೆಗೆದು ಹೊಲಿಯಬೇಕು.

ಡಾಕ್ಟರ್ ಮಾತು ಕಡಿಮೆ. ನನ್ನ ಕೈ ಎತ್ತಿಸಿ ಮಾರ್ಕರ್ ಪೆನ್ ತಗೊಂಡು ಕಂಕುಳಿಂದ ಮೊಣಕೈ ಹತ್ತಿರದ ತನಕ ಒಳಮಗ್ಗಲಿಗೆ ಒಂದು ಗೆರೆ ಎಳೆದ್ರು. “ನೋಡವಾ, ಇಷ್ಟುದ್ದ ಕಲೆ ಇರತೈತಿ. ಎರಡೂ ಕೈಗೆ. ಮೊದಲ ಕೆಲವು ತಿಂಗಳು ಕೆಂಪಗ, ದಪ್ಪಗ ಕಾಣತೈತಿ. ತಿಳಿಯಾಗಾಕ ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಪೂರ್ತಿ ಹೋಗಂಗಿಲ್ಲ. ಜೋಲು ತೊಗಲು ಬೇಡ ಅಂತ ಬಂದೀ, ಈ ಗೆರಿ ನಿನಗ ನಡೀತೈತೇನು?”

ನಾನು ಸುಮ್ಮನಿದ್ದೆ. ಅವರು ನನ್ನ ಎಡತೋಳಿನ ಬಿಸಿಜಿ ಕಲೆ ನೋಡಿದ್ರು, ಕಿವಿ ಚುಚ್ಚಿಸಿದ ಜಾಗ ನೋಡಿದ್ರು. ಆಮೇಲೆ ಮೊಣಕಾಲಿನ ಹಳೇ ಗಾಯ. ಐದನೇತ್ತೆಯಲ್ಲಿ ಸೈಕಲ್ ಮೇಲಿಂದ ಬಿದ್ದದ್ದು, ಈಗಲೂ ಉಬ್ಬಿಕೊಂಡೇ ಐತಿ. ಅದನ್ನ ಬೆರಳಿಂದ ಒತ್ತಿ, “ನಿನ್ನ ಮೈ ಗಾಯನ ಹಿಂಗ ಮಾಯಿಸ್ತದ ಅನ್ನೋದು ತಲ್ಯಾಗ ಇಟ್ಕೋ” ಅಂದ್ರು. ನಮ್ಮಂಥ ಬಣ್ಣದ ಚರ್ಮದಲ್ಲಿ ಕಲೆ ಉಬ್ಬೋದು, ಕಪ್ಪಾಗೋದು ಹೆಚ್ಚು ಅಂತೆ. ಸೈಕಲ್ಲಿಂದ ಬಿದ್ದ ಗಾಯಕ್ಕೂ ನಾನು ಮುಂದೆ ಸ್ಲೀವ್‌ಲೆಸ್ ಹಾಕೋದಕ್ಕೂ ಸಂಬಂಧ ಇರಬಹುದು ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ.

(3/4)
ಪೂರ್ತಿ ಅರಿವಳಿಕೆ, ಎರಡು-ಮೂರು ತಾಸು ಸರ್ಜರಿ, ಒಂದು ರಾತ್ರಿ ಆಸ್ಪತ್ರೆ. ಒಳಗೆ ನೀರು ತುಂಬಬಾರದು ಅಂತ ಕೆಲವರಿಗೆ ಸಣ್ಣ ನಳಿಕೆ ಬಿಟ್ಟಿರ್ತಾರೆ. ಮೊದಲ ವಾರ ಬೆರಳ ತನಕ ಬಾವು, ಕೈ ದಿಂಬಿನ ಮೇಲೆ ಎತ್ತರಕ್ಕೆ ಇಟ್ಟೇ ಮಲಗಬೇಕು. ಬಿಗಿ ತೋಳಿನ ಒತ್ತುಬಟ್ಟೆ ಕೆಲವು ವಾರ ಹಾಕ್ಕೊಂಡೇ ಇರಬೇಕು. ಅಂದ್ರೆ ಫುಲ್ ತೋಳು ಬಿಡೋಕೆ ಹೋಗಿ ಮತ್ತೆ ಫುಲ್ ತೋಳು. ಸಣ್ಣಪುಟ್ಟ ಕೆಲಸ ಒಂದೆರಡು ವಾರಕ್ಕೆ ಆದೀತು, ಭಾರ ಎತ್ತೋದು ನಾಲ್ಕರಿಂದ ಆರು ವಾರ ಇಲ್ಲ. ಮುಂಗೈ ಒಳಮಗ್ಗಲು ಮರಗಟ್ಟಬಹುದು, ಕೆಲವರಿಗೆ ಅದು ಹಂಗೇ ಉಳಿಯಬಹುದು. ಕಂಕುಳ ಹತ್ತಿರ ಹೊಲಿಗೆ ಬಿಟ್ಟುಕೊಳ್ಳೋದು ಅಪರೂಪ ಅಲ್ಲ. ಸೋಂಕು, ರಕ್ತ ಹೆಪ್ಪುಗಟ್ಟೋದು ಯಾವ ದೊಡ್ಡ ಸರ್ಜರಿಗೂ ಇದ್ದದ್ದೇ. ಎರಡೂ ತೋಳು ಅಚ್ಚು ಹಾಕಿದಂಗ ಒಂದೇ ಆಗೋದೂ ಇಲ್ಲ.

ಇಷ್ಟೆಲ್ಲಾ ಆದ ಮೇಲೆ ಮತ್ತೆ ತೂಕ ಏರಿದ್ರೆ ತೊಗಲು ಮತ್ತೆ ಹಿಗ್ಗುತ್ತೆ. ಅದಕ್ಕೇ, ಕನಿಷ್ಠ ಆರು ತಿಂಗಳು ತೂಕ ಒಂದೇ ಕಡೆ ನಿಂತಿರಬೇಕು ಅಂದ್ರು. ನನ್ನದು ನಿಂತು ಬರೀ ಎರಡು ತಿಂಗಳು.

ದುಡ್ಡು. ನನಗೆ ಹೇಳಿದ್ದು 1,60,000. ಅದರ ಮೇಲೆ ಜಿಎಸ್‌ಟಿ ಬೇರೆ. ಆಸ್ಪತ್ರೆ ಚಿಕಿತ್ಸೆಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲ. ಕಾಸ್ಮೆಟಿಕ್ ಸರ್ಜರಿ, ಕೂದಲು ನಾಟಿ ಆ ವಿನಾಯಿತಿಯಿಂದ ಹೊರಗೆ. ಹುಟ್ಟಿನಿಂದ ಬಂದ ಊನ, ಬೆಳವಣಿಗೆಯ ದೋಷ, ಗಾಯ, ಅಪಘಾತ ಸರಿಪಡಿಸೋ ಪ್ಲಾಸ್ಟಿಕ್ ಸರ್ಜರಿಗೆ ವಿನಾಯಿತಿ ಉಂಟು. 32 ಕೆಜಿ ಇಳಿಸಿ ಜೋತ ತೊಗಲು ಆ ಸಾಲಿನಲ್ಲಿ ಇಲ್ಲ. ಇನ್ಶೂರೆನ್ಸ್ ಪಾಲಿಸಿಯಲ್ಲೂ ಕಾಸ್ಮೆಟಿಕ್ ಸರ್ಜರಿ ಹೊರಗಿಡೋ ಕಲಂ ಇರ್ತದ. ನಮ್ಮಪ್ಪ ರೈಸ್ ಮಿಲ್‌ನಲ್ಲಿ ಲೆಕ್ಕ ಬರೀತಾರೆ. ಅವರ ಎಷ್ಟು ತಿಂಗಳ ಪಗಾರ ಅಂತ ವಾಪಸ್ ಬರೋವಾಗ ಬಸ್ಸಿನಾಗ ಭಾಗಾಕಾರ ಮಾಡಿದೆ, ಇಲ್ಲಿ ಬರೆಯಲ್ಲ.

(4/4)
ಗದಗ ದಾಟಿದ ಮೇಲೆ ಗೆಳತಿ, “ಮನ್ಯಾಗ ಹೇಳದ ಮಾಡಿಸ್ಕೋಬ್ಯಾಡಲೇ” ಅಂದಳು. ಆಕಿ ತಲ್ಯಾಗ ಏನಿತ್ತು ಅಂತ ನನಗೂ ಗೊತ್ತು. ಕಿರುತೆರೆ ನಟಿ ಚೇತನಾ ರಾಜ್, 2022ರ ಮೇ 16. ಬೆಂಗಳೂರಿನ ಖಾಸಗಿ ಕ್ಲಿನಿಕ್ ಒಂದರಲ್ಲಿ ಕೊಬ್ಬು ತೆಗೆಸೋ ಸರ್ಜರಿಗೆ ಹೋಗಿ ಅವತ್ತೇ ತೀರಿಕೊಂಡ್ರು. 21 ವರ್ಷ. ತಂದೆ-ತಾಯಿಗೆ ಹೇಳದೆ ಸ್ನೇಹಿತರ ಜೊತೆ ಹೋಗಿದ್ರು ಅಂತ ಆಗ ಪೇಪರಿನಲ್ಲಿ ಬಂದಿತ್ತು. ಆವಾಗ ಅದನ್ನ ಓದಿ ನಾನೇ, “ಇಷ್ಟಕ್ಕ ಯಾರಾದ್ರೂ ಹೋಗ್ತಾರೇನು?” ಅಂದಿದ್ದೆ. ಈಗ ನಾನೂ ಹಂಗೇ ಗೆಳತಿ ಜೊತೆ ಬಸ್ಸಿನಾಗ ಕುಂತಿದ್ದೆ.

ಡಿಎಂನಲ್ಲಿ ಕೇಳೋರು ಬಾಳ ಮಂದಿ ಅದೀರಿ, ಅದಕ್ಕೆ ಹೇಳ್ತೀನಿ. ಡಾಕ್ಟರ್ ಎಂ.ಸಿ.ಎಚ್. ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಮಾಡಿದಾರಾ ಕೇಳ್ರಿ. ಅಲ್ಲಿ ಕೆಪಿಎಂಇ ನೋಂದಣಿ ಐತೋ, ಅದು ಸರ್ಜರಿಗೋ ಬರೀ ಕ್ಲಿನಿಕ್ಕಿಗೋ ನೋಡ್ರಿ. ಅರಿವಳಿಕೆ ಡಾಕ್ಟರ್ ಯಾರು, ಹೆಚ್ಚುಕಮ್ಮಿ ಆದ್ರೆ ಐಸಿಯು ಎಲ್ಲಿ? ಇವನ್ನ ಕೇಳಿದಾಗ ಸಿಟ್ಟಾಗೋ ಜಾಗದಿಂದ ಎದ್ದು ಬರ್ರಿ.

ಮಾರ್ಕರ್ ಗೆರೆ ಒಂದೇ ಸಲಕ್ಕೆ ಹೋಗಲಿಲ್ಲ. ಮರುದಿನ ರೊಟ್ಟಿ ಬಡಿಯುವಾಗ ತೋಳು ಮ್ಯಾಲೆ ಸರಿಸಿದ್ದೆ, ಅವ್ವ ನೋಡಿದಳು.

“ಏನವಾ ಇದು? ಯಾರ್ ಗೀಚ್ಯಾರ?”

ಸುಳ್ಳು ಹೇಳಾಕ ಬಾಯಿ ಬರಲಿಲ್ಲ. ಎಲ್ಲಾ ಹೇಳಿದೆ, ಯಲಬುರ್ಗಾದ ಟೇಲರ್‌ನಿಂದ ಹಿಡಿದು. ಒಲಿ ಮ್ಯಾಲಿನ ರೊಟ್ಟಿ ಸೀದು ಹೋಯ್ತು. ಬೈತಾಳ ಅಂತ ಕಾಯ್ತಿದ್ದೆ. ಅವ್ವ ಸೀದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಆ ಗೆರೆ ಮೇಲೆ ಬೆರಳು ಇಟ್ಟು ಕಂಕುಳ ತನಕ ಎಳೆದಳು.

“ಇಷ್ಟುದ್ದ ಕೊಯ್ತಾರ?”

“ಹೂಂ ಬೇ.”

“ಆರು ವಾರ ಕೈ ಎತ್ತಂಗಿಲ್ಲಂದ್ರ ತಲಿ ಯಾರ್ ಬಾಚಬೇಕು ನಿನಗ?”

ನಾನು ಏನೂ ಅನ್ನಲಿಲ್ಲ. ಅವ್ವ ಮತ್ತೆ ಹಿಟ್ಟು ತಗೊಂಡಳು. ಬಡಿಯುವಾಗ ಆಕಿ ತೋಳೂ ಜೋಲಾಡ್ತಿತ್ತು, ಹಂಗೇ ನೋಡ್ತಾ ನಿಂತೆ. ಹುಟ್ಟಿದಾಗಿಂದ ಅದೇ ತೋಳು ನೋಡೀನಿ, ಒಂದಿನನೂ ಅದು ನನಗೆ ಜೋಕಾಲಿ ಹಂಗ ಕಂಡಿರಲಿಲ್ಲ. ಆದ್ರೂ ನನ್ನ ತೋಳು ನನಗೆ ಹಂಗ ಕಾಣಂಗಿಲ್ಲ, ಅದೂ ಖರೇ.

ಮುಂದಿನ ಸಲ ಡಾಕ್ಟರ್ ಕಡೆ ಹೋಗೋದು ಸೆಮ್ ಪರೀಕ್ಷೆ ಮುಗಿದ ಮೇಲೆ. ಅಷ್ಟೊತ್ತಿಗೆ ಆರು ತಿಂಗಳು ತುಂಬ್ತದ. ಅವ್ವನೂ ಬರ್ತಾಳಂತ, ಆ ಡಾಕ್ಟರ್‌ಗೆ ಕೇಳೂದು ಬಾಳ ಐತಿ ಅಂತ. ಅಪ್ಪಗ ಇನ್ನೂ ಹೇಳಿಲ್ಲ. ಇವತ್ತು ಮುಂಜಾನೆ ತೂಕ 64.2.