ಗುರಾಣಿ ಹಿಡಿದವನ ಭಾವ

ಕಳೆದ ಅಷ್ಟಮಿಯ ಸಂಜೆ ಬಸದಿಯಿಂದ ಹಿಂದಿರುಗಿದಾಗ ಮೊಮ್ಮಗನು ಗಣಕಯಂತ್ರದ ಮುಂದೆ ಯುದ್ಧನಿರತನಾಗಿದ್ದನು. ಆಟದ ಹೆಸರು 'ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್', ತುರ್ಕಿ ದೇಶದ ಅಂಕಾರಾ ನಗರದ ಟೇಲ್‌ವರ್ಲ್ಡ್ಸ್ ಸಂಸ್ಥೆಯು 2010ರಲ್ಲಿ ಹೊರತಂದುದು. ಬೇರೆ ಬೇರೆ ಊರುಗಳಲ್ಲಿರುವ ಹತ್ತಾರು ಜನರು ಮಧ್ಯಯುಗದ ಸೈನಿಕರ ವೇಷದಲ್ಲಿ ಒಂದೇ ರಣರಂಗದಲ್ಲಿ ಕಾದಾಡುವರು. ಹುಡುಗನನ್ನು ಎಚ್ಚರಿಸುವ ಉದ್ದೇಶದಿಂದಲೇ ನಾನು ಪಕ್ಕದಲ್ಲಿ ಕುಳಿತೆನು.

ಆದರೆ ಅದರ ಯುಕ್ತಿ ನನ್ನನ್ನು ಹಿಡಿದು ನಿಲ್ಲಿಸಿತು. ಗುರಾಣಿ ಇಲ್ಲದವನು, ಎದುರಾಳಿಯ ಹೊಡೆತ ಮೇಲಿನಿಂದಲೋ, ಎಡಬಲಗಳಿಂದಲೋ, ನೇರ ತಿವಿತವೋ ಎಂದರಿತು ಅದೇ ದಿಕ್ಕಿಗೆ ಆಯುಧವನ್ನು ಅಡ್ಡಹಿಡಿಯಬೇಕು. ಗುರಾಣಿಯುಳ್ಳವನಿಗೆ ಆ ಚಿಂತೆಯಿಲ್ಲ. ಎದುರಿನಿಂದ ಬಂದ ಪೆಟ್ಟನ್ನೆಲ್ಲ ಅದು ತಡೆಯುತ್ತದೆ. ಆದರೆ ತಡೆಯುತ್ತಿರುವಷ್ಟು ಹೊತ್ತು ಅವನು ಹೊಡೆಯಲಾರನು. ಪೆಟ್ಟು ತಿಂದು ತಿಂದು ಗುರಾಣಿಯೂ ಒಡೆಯುತ್ತದೆ, ಕೊಡಲಿಗಂತೂ ಬೇಗನೆ. ನೀಳವಾದ ಈಟಿಗೆ ಎರಡೂ ಕೈ ಬೇಕಾದುದರಿಂದ ಅದನ್ನು ಹಿಡಿದವನಿಗೆ ಗುರಾಣಿಯ ಆಸರೆಯಿಲ್ಲ. ಅವನು ದೂರದಿಂದ ತಿವಿದು ಓಡಿಬರುವ ಕುದುರೆಯನ್ನೇ ನಿಲ್ಲಿಸಬಲ್ಲನು. ಶತ್ರು ಮೈಮೇಲೆ ಬಂದನೆಂದರೆ ಈಟಿ ಬರಿಯ ಕೋಲು. ಹೀಗಾಗಿ ಗುರಾಣಿಯವರು ಮುಂದೆ ಸಾಲಾಗಿ ನಿಲ್ಲುವರು, ಈಟಿಯವರು ಅವರ ಹಿಂದಿನಿಂದ ತಿವಿಯುವರು.

"ಅಜ್ಜಾ, ನಾನು ಯಾರನ್ನೂ ಕೊಲ್ಲುತ್ತಿಲ್ಲ, ಹಿಂದಿನವನನ್ನು ಕಾಯುತ್ತಿದ್ದೇನೆ" ಎಂದನು ಹುಡುಗ.

ವಿರೋಧೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಲಾರನೆಂದು ನಾವೇ ಹೇಳುತ್ತೇವೆ. ಆದರೆ ವಿರೋಧಿಯೇ ಇಲ್ಲದೆಡೆ ವಿನೋದಕ್ಕಾಗಿ ಒಬ್ಬನನ್ನು ಕಲ್ಪಿಸಿಕೊಂಡರೆ? ಇದನ್ನು ಕೇಳಲು ಬಾಯ್ತೆರೆಯುವಷ್ಟರಲ್ಲಿ ಕೊಡಲಿಯವನೊಬ್ಬನು ಗುರಾಣಿಗೆ ಬಡಿಯತೊಡಗಿದನು. "ತಿವಿ, ತಿವಿ ಅವನನ್ನು!" ಎಂಬ ಕೂಗು ಕೇಳಿಸಿತು. ಅದು ನನ್ನದೇ ಕಂಠ. ಅಂದು ನಾನು ಏಕಾಶನದಲ್ಲಿದ್ದೆನು. ಸೊಸೆ ಬಾಗಿಲಿಗೆ ಬಂದು ಇಣುಕಿ, ಏನೂ ಹೇಳದೆ ಹೊರಟುಹೋದಳು.

ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಬಲ್ಲ ವಾಚಕರಿಗೆ ಹೆಚ್ಚು ಹೇಳಬೇಕಾಗಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಅರಸನು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ತಾಯಿ ಮಗ ಇಬ್ಬರೂ ಅನೇಕ ಜನ್ಮಗಳಲ್ಲಿ ಮೃಗಪಕ್ಷಿಗಳಾಗಿ ನವೆದರು. ಅದು ನಿಜವಾದ ಕೋಳಿಯಲ್ಲ; ಕಡಿದವನ ಸಂಕಲ್ಪ ಮಾತ್ರ ನಿಜವಾದುದು. ದಶಲಕ್ಷಣ ಪರ್ವದಲ್ಲಿ ನಾನೇ ಈ ಕಥೆಯನ್ನು ಎಷ್ಟೋ ಬಾರಿ ಓದಿ ಹೇಳಿದ್ದೇನೆ. ಪರದೆಯ ಮೇಲಿನ ಸೈನಿಕನೂ ಹಿಟ್ಟಿನ ಕೋಳಿಯೇ ಎಂದು ಬಾಲಕನನ್ನು ಗದರುವುದು ಸುಲಭವಿತ್ತು. ಆದರೆ ವ್ಯಾಪಾರಿಯಾದವನು ಲೆಕ್ಕ ತಪ್ಪಿಸಬಾರದು. ಕೊಡಲಿಯವನು ಬಿದ್ದಾಗ ಹುಡುಗ ನಕ್ಕನು, ನಿಜ. ಆದರೂ ಅವನ ಮನಸ್ಸು ಬಹುಪಾಲು ಸಂಗಡಿಗನ ಮೇಲಿತ್ತು. ಕೃತ, ಕಾರಿತ, ಅನುಮೋದನೆಗಳಲ್ಲಿ ಕೊನೆಯ ಎರಡೂ ನನ್ನ ಖಾತೆಗೇ ಬಿದ್ದವು.

ರಾತ್ರಿ ಪ್ರತಿಕ್ರಮಣದಲ್ಲಿ ಆ ಕೂಗನ್ನು ನೆನೆದೆನು. ಮರುದಿನ ಅವನಿಗೆ ಯಶೋಧರನ ಕಥೆಯನ್ನು ಹೇಳಿದೆನು, ನನ್ನ ತಪ್ಪನ್ನೂ ಸೇರಿಸಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದನು: "ಹಾಗಾದರೆ ಅಜ್ಜಾ, ಹಿಟ್ಟಿನ ಗುರಾಣಿ ಹಿಡಿದು ಕಾಪಾಡಿದರೆ ಪುಣ್ಯವೂ ಬರಬೇಕಲ್ಲವೆ?"

ನಾನಿನ್ನೂ ಉತ್ತರ ಕೊಟ್ಟಿಲ್ಲ. ಬರುವ ಭಾನುವಾರ ಬಸದಿಯ ಸ್ವಾಧ್ಯಾಯದಲ್ಲಿ ಹಿರಿಯರ ಮುಂದೆ ಈ ಪ್ರಶ್ನೆಯನ್ನಿಡುವವನಿದ್ದೇನೆ.