ಬಡ ನಕ್ಷತ್ರ

ನಮ್ಮ ಆಂಟಾಪ್ ಹಿಲ್ಲಿನ ಸರಕಾರಿ ಕ್ವಾರ್ಟರ್ಸಿನ ಗಚ್ಚಿಯಿಂದ ಹತ್ತು ಹನ್ನೆರಡು ನಕ್ಷತ್ರ ಕಂಡರೆ ಅದೇ ಪುಣ್ಯ. ಮೊನ್ನೆ ರಾತ್ರಿ ಕರೆಂಟು ಹೋದಾಗ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಮೇಲೆ ಹೋಗಿದ್ದೆ.

“ಅಪ್ಪಾ, ಎಲ್ಲಕ್ಕಿಂತ ಮುದಿ ನಕ್ಷತ್ರ ಯಾವುದು?” ಎಂದಳು ಮಗಳು.

ಬಿ.ಎ. ಓದಿದ ಕಾರಕೂನನಿಗೆ ಕೇಳಬಾರದ ಪ್ರಶ್ನೆ. ಆದರೆ ಈಚೆಗೆ ಅದನ್ನೇ ಓದಿದ್ದರಿಂದ ಗತ್ತಿನಿಂದಲೇ ಹೇಳಿದೆ: “ಅದು ಬರಿಗಣ್ಣಿಗೆ ಕಾಣುವುದಿಲ್ಲ ಮಗಳೇ. ಯಾವುದರಲ್ಲಿ ಲೋಹ ತೀರ ಕಡಿಮೆಯೋ ಅದೇ ಸಾಮಾನ್ಯವಾಗಿ ತೀರ ಹಳೆಯದು.”

ವಿಶ್ವದ ಆರಂಭದಲ್ಲಿ ಇದ್ದುದು ಬಹುಮಟ್ಟಿಗೆ ಜಲಜನಕ ಮತ್ತು ಹೀಲಿಯಂ. ಉಳಿದುದನ್ನೆಲ್ಲ ಖಗೋಳಜ್ಞರು ಲೋಹವೆಂದೇ ಕರೆಯುತ್ತಾರೆ. ಕಬ್ಬಿಣದಂಥವು ನಕ್ಷತ್ರಗಳ ಒಡಲಲ್ಲಿ ಬೆಂದು, ಅವು ಸಿಡಿದಾಗ ಹೊರಬಿದ್ದು, ಮುಂದಿನ ತಲೆಮಾರಿನ ನಕ್ಷತ್ರಗಳಿಗೆ ಆಸ್ತಿಯಾದವು.

ಕೋಟಿಗಟ್ಟಲೆ ನಕ್ಷತ್ರಗಳಲ್ಲಿ ಬಡವನನ್ನು ಹುಡುಕುವ ಬಗೆ ನಮ್ಮ ಕಚೇರಿಯದೇ. ಮೊದಲು ಬಣ್ಣದ ಚೀಟಿ ನೋಡಿ ಫೈಲುಗಳ ರಾಶಿ ಬೇರ್ಪಡಿಸುತ್ತೇವೆ. ಆಮೇಲೆ ಒಂದೊಂದನ್ನೇ ಬಿಚ್ಚಿ ಓದುತ್ತೇವೆ. ಲೋಹಗಳು ನೇರಳೆ ಬೆಳಕನ್ನು ನುಂಗುತ್ತವೆ. ಆದ್ದರಿಂದ ಲೋಹ ಕಡಿಮೆಯಿರುವ ನಕ್ಷತ್ರದ ಬಣ್ಣವೇ ಕೊಂಚ ಬೇರೆ. ಬಣ್ಣದಿಂದ ಆರಿಸಿದವುಗಳ ಬೆಳಕನ್ನು ರೋಹಿತವಾಗಿ ಬಿಡಿಸಿ, ಕಬ್ಬಿಣದ ಕಪ್ಪು ಗೆರೆಗಳನ್ನು ಹುಡುಕುತ್ತಾರೆ. ಆಸ್ಟ್ರೇಲಿಯಾದ ಸ್ಕೈಮ್ಯಾಪರ್ ದೂರದರ್ಶಕ ಹೀಗೆ ಆರಿಸಿದ ಒಂದು ನಕ್ಷತ್ರದಲ್ಲಿ ಆ ಗೆರೆಯೇ ಕಾಣಲಿಲ್ಲವೆಂದು 2014ರಲ್ಲಿ ಪ್ರಕಟವಾಯಿತು. ಕಬ್ಬಿಣ ಇದ್ದರೂ ಸೂರ್ಯನಲ್ಲಿರುವುದರ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ ಎಂಬುದು ಅಂದಿನ ಲೆಕ್ಕ! ನಮ್ಮವರೂ ಸುಮ್ಮನೆ ಕುಳಿತಿಲ್ಲ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತೇ ನಡೆಸಿ, ಇಂಥ ಬಡ ನಕ್ಷತ್ರಗಳ ರೋಹಿತ ತೆಗೆದಿದ್ದಾರೆ.

ಅಮ್ಮ ಸುಮ್ಮನೆ ಕೇಳುತ್ತಿದ್ದಳು. ಕತ್ತಲಲ್ಲಿ ಅವಳ ಗಾಜಿನ ಬಳೆಗಳ ಸದ್ದು ಮಾತ್ರ. ಚಿನ್ನದ ಜೋಡಿ ನನ್ನ ಬಿ.ಎ. ಫೀಜಿಗೆ ಹೋಯಿತು. ನೌಕರಿ ಸಿಕ್ಕ ವರ್ಷವೇ ಮಾಡಿಸಿಕೊಡುತ್ತೇನೆ ಎಂದಿದ್ದೆ, ಹನ್ನೆರಡು ವರ್ಷವಾಯಿತು. ಬರುವ ತಿಂಗಳು ತಂಗಿಯ ಮದುವೆ.

“ಬಡ ನಕ್ಷತ್ರದ ಕತೆ ಇರಲಿ,” ಎಂದಳು ಕೊನೆಗೆ. “ಸಿಡಿದು ಹೋಯಿತಲ್ಲ, ಅದರ ಗಂಟು ಮುಂದಿನವರಿಗೆ ಸೇರಿತು ತಾನೆ? ಅಷ್ಟು ಸಾಕು.”

ನಾನು ಮಾತಾಡಲಿಲ್ಲ. ದೀಪ ಬಂದಿತು, ನಕ್ಷತ್ರಗಳು ಮಾಯವಾದವು. ಕೆಳಗೆ ಬಂದು ಪಾಸ್‌ಬುಕ್ಕು ತೆರೆದೆ. ಒಂದು ಬಳೆಗೂ ಸಾಲದು. ಆದರೂ ಈ ಸಂಬಳದಿಂದ ಬೇರೆ ತೆಗೆದಿಡಲು ಶುರು ಮಾಡಿದ್ದೇನೆ. ಅಮ್ಮನಿಗೆ ಹೇಳಿಲ್ಲ.